ಮೇಷ್ಟ್ರ ಕೊರಳಿನ ಮಿಣುಕುಹುಳ

“ಏನಯ್ಯಾ, ಇದು ನನಗೆ ಕಣ್ಣು ಹೊಡೀತಾ ಇದೆಯಲ್ಲ!”

ಬೆಳಗಿನ ಆರೂವರೆ. ನಾನು ದಾಸವಾಳದ ಗಿಡಕ್ಕೆ ನೀರು ಬಿಡುತ್ತಿದ್ದೆ. ಕಾಂಪೌಂಡಿನ ಆಚೆಯಿಂದ ಮೇಷ್ಟ್ರ ದನಿ. ಎಪ್ಪತ್ತನಾಲ್ಕು ವರ್ಷದವರಿಗೆ ಈ ಹೊತ್ತಿನಲ್ಲಿ ಕಣ್ಣು ಹೊಡೆಯುವವರು ಯಾರಪ್ಪಾ ಅಂತ ಪೈಪು ಕೆಳಗಿಟ್ಟು ಇಣುಕಿದೆ. ಅವರ ಕೊರಳಲ್ಲಿ ಕುದುರೆ ಲಾಳದ ಆಕಾರದ ಕಪ್ಪು ಪಟ್ಟಿ. ಅದರ ತುದಿಯಲ್ಲಿ ಸಾಸಿವೆ ಕಾಳಿನಷ್ಟು ದೀಪ. ಒಂದು ಸಲ ಕೆಂಪು, ಇನ್ನೊಂದು ಸಲ ನೀಲಿ. ಯುಗಾದಿಗೆ ಬಂದ ಮಗಳು ಕೊಡಿಸಿ ಹೋದ ವೈರ್‌ಲೆಸ್ ಹೆಡ್‌ಸೆಟ್ಟು. ಮೊಬೈಲನ್ನು ಕಿವಿಗೆ ಒತ್ತಿಕೊಂಡು ಗಮಕ ಕೇಳುತ್ತಾ ವಾಕಿಂಗ್ ಹೋಗುವ ಅಪ್ಪ ಎಲ್ಲಿ ಸ್ಕೂಟರಿಗೆ ಸಿಕ್ಕಿಬೀಳುತ್ತಾರೋ ಅಂತ ಅವಳಿಗೆ ಭಯ. ಎರಡು ಕಿವಿಯನ್ನೂ ಮುಚ್ಚಿಕೊಂಡವರು ಇನ್ನೂ ಬೇಗ ಸಿಕ್ಕಿಬೀಳುತ್ತಾರೆ ಅನ್ನುವುದು ನನ್ನ ಅಭಿಪ್ರಾಯ. ಆದರೆ ಪಕ್ಕದ ಮನೆಯ ಉಡುಗೊರೆ ವಿಚಾರದಲ್ಲಿ ಬಾಯಿ ಹಾಕಬಾರದು.

“ಕೆಂಪು ನೀಲಿ ಒಂದರ ಹಿಂದೆ ಒಂದು ಬರ್ತಾ ಇದ್ರೆ ಅದು ಜೋಡಿ ಹುಡುಕ್ತಾ ಇದೆ ಅಂತ ಮೇಷ್ಟ್ರೇ. ಪೇರಿಂಗ್ ಅಂತಾರೆ.”

“ವರಾನ್ವೇಷಣೆಯೋ?”

“ಹಾಗೇ ಅಂದ್ಕೊಳ್ಳಿ. ವರ ನಿಮ್ಮ ಜೇಬಲ್ಲೇ ಇದ್ದಾನೆ, ತೆಗೀರಿ.”

ಫೋನು ತೆಗೆದು ಬ್ಲೂಟೂತ್ ಒತ್ತಿ, ಹೆಸರು ಹುಡುಕಿ ಕೂಡಿಸಿಕೊಟ್ಟೆ. ಕೆಂಪು ಮಾಯವಾಯಿತು. ನೀಲಿಯೊಂದೇ ಉಳಿದು ಐದಾರು ಸೆಕೆಂಡಿಗೊಮ್ಮೆ ಸಣ್ಣಗೆ ಮಿಂಚತೊಡಗಿತು. ಇಬ್ಬರೂ ಒಬ್ಬರಿಗೊಬ್ಬರು ಗುಟ್ಟಿನ ಕೀಲಿ ಕೊಟ್ಟುಕೊಂಡಿದ್ದಾರೆ, ಅದನ್ನು ನೆನಪಿಟ್ಟುಕೊಂಡಿರುತ್ತಾರೆ, ಲಗ್ನ ಒಂದೇ ಸಲ, ನಾಳೆಯಿಂದ ಸ್ವಿಚ್ಚು ಒತ್ತಿದರೆ ತಾವಾಗಿ ಸೇರಿಕೊಳ್ಳುತ್ತಾರೆ ಅಂತ ವಿವರಿಸಿದೆ. ಮೇಷ್ಟ್ರು ತೀರ್ಥಹಳ್ಳಿ ಕಡೆಯವರು. ದೀಪವನ್ನೇ ನೋಡುತ್ತಾ, “ಇದು ನಮ್ಮೂರ ಮಿಣುಕುಹುಳದ ಬುದ್ಧಿ ಕಣಯ್ಯ” ಅಂದರು. ಮುಂಗಾರಿಗೆ ಮುಂಚೆ ಕಾಡಿನ ಅಂಚಿನಲ್ಲಿ ಗಂಡು ಹುಳ ಹಾರುತ್ತಾ ಮಿನುಗುವುದು, ಪೊದೆಯಲ್ಲಿ ಕೂತ ಹೆಣ್ಣು ಅದಕ್ಕೆ ಮಿನುಗಿ ಉತ್ತರ ಕೊಡುವುದು, ಒಂದೊಂದು ಜಾತಿಯ ಹುಳಕ್ಕೂ ಒಂದೊಂದು ಲಯ. ನಿಜ, ಇದೂ ಅದೇ. ಒಂದೇ ವ್ಯತ್ಯಾಸವೆಂದರೆ ಹುಳಗಳು ತಮ್ಮ ಲಯವನ್ನು ಲಕ್ಷಾಂತರ ವರ್ಷದಿಂದ ಕಾಪಾಡಿಕೊಂಡು ಬಂದಿವೆ. ಹೆಡ್‌ಸೆಟ್ಟು ಮಾಡುವವರು ಮಾಡೆಲ್ಲಿಗೊಂದರಂತೆ ಬದಲಾಯಿಸುತ್ತಾರೆ.

ನನ್ನ ತಕರಾರು ಇರುವುದು ಇಲ್ಲೇ. ದೀಪ ಇರುವುದು ಒಂದು. ಅದಕ್ಕೆ ಗೊತ್ತಿರುವುದು ಹತ್ತುವುದು, ಆರುವುದು, ಹೆಚ್ಚೆಂದರೆ ಎರಡು ಬಣ್ಣ. ಇಷ್ಟೇ ಅಕ್ಷರಮಾಲೆಯಲ್ಲಿ ಪೇರಿಂಗ್ ಆಗುತ್ತಿದೆ, ಸೇರಿದೆ, ಫೋನ್ ಬಂದಿದೆ, ಬ್ಯಾಟರಿ ಕಮ್ಮಿ, ಚಾರ್ಜ್ ಆಗುತ್ತಿದೆ, ತುಂಬಿತು ಎಂಬ ಆರೇಳು ಸುದ್ದಿಗಳನ್ನು ಹೇಳಿಸಬೇಕು. ವ್ಯಾಕರಣ ಮಾತ್ರ ಕಂಪನಿಗೊಂದು. ಒಂದರಲ್ಲಿ ಚಾರ್ಜ್ ತುಂಬಿದರೆ ಕೆಂಪು ಹೋಗಿ ನೀಲಿ ಬರುತ್ತದೆ, ಇನ್ನೊಂದರಲ್ಲಿ ಹಸಿರು, ಮತ್ತೊಂದರಲ್ಲಿ ದೀಪವೇ ಆರಿಹೋಗುತ್ತದೆ. ಇದನ್ನೆಲ್ಲ ಹೇಳುವ ಕಾಗದ ಡಬ್ಬಿಯಲ್ಲಿ ಇರುತ್ತದೆ. ಎಂಟು ಮಡಿಕೆ, ಇರುವೆಯ ಹೆಜ್ಜೆಯಂಥ ಅಕ್ಷರ, ಜಗತ್ತಿನ ಹತ್ತು ಭಾಷೆ, ಕನ್ನಡ ಇಲ್ಲ. ಮೇಷ್ಟ್ರು ಭೂತಗನ್ನಡಿ ಹಿಡಿದು ಅದನ್ನು ತಾಮ್ರಶಾಸನ ಓದುವ ಹಾಗೆ ಓದಿ, “ಪಾಠ ಅಲ್ಲಲ್ಲಿ ತ್ರುಟಿತವಾಗಿದೆ” ಅಂತ ಷರಾ ಬರೆದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಟ್ಟವರು.

ಹಾಗೆ ನೋಡಿದರೆ ದೀಪ ನೋಡಿ ಸುದ್ದಿ ತಿಳಿಯುವುದು ನಮಗೆ ಹೊಸದೇನಲ್ಲ. ನಮ್ಮ ಹಳ್ಳಿಯ ಪಂಪ್‌ಹೌಸಿನ ಸ್ಟಾರ್ಟರ್ ಬೋರ್ಡಿನಲ್ಲಿ ಕೆಂಪು, ಹಳದಿ, ನೀಲಿ ಮೂರು ದೀಪ. ಮೂರೂ ಒಂದೇ ಸಮ ಉರಿದರೆ ತ್ರೀ ಫೇಸ್ ಬಂದಿದೆ, ಮೋಟಾರು ಹಾಕು. ಒಂದು ಮಂಕಾದರೆ ಕೈ ಇಡಬೇಡ, ಕಾಯಿಲ್ ಸುಟ್ಟೀತು. ಅಪ್ಪ ರಾತ್ರಿ ಎರಡು ಗಂಟೆಗೆ ಎದ್ದು, ಜಗಲಿಯ ಮೇಲೆ ನಿಂತು, ಗದ್ದೆಯಾಚೆಯ ಪಂಪ್‌ಹೌಸಿನ ಬಲ್ಬು ಉರಿಯುತ್ತಿದೆಯೋ ಇಲ್ಲವೋ ನೋಡಿ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು. ಆ ದೀಪಗಳಿಗೆ ಒಂದೇ ಅರ್ಥ, ಊರಿಗೆಲ್ಲ ಅದೇ ಅರ್ಥ.

ಎರಡು ದಿನ ಗಮಕ ಸುಸೂತ್ರವಾಗಿ ನಡೆಯಿತು. ಮೂರನೆಯ ದಿನ ಮೇಷ್ಟ್ರು ಕಾಂಪೌಂಡಿನ ಹತ್ತಿರ ಬಂದಾಗ ಮುಖ ಬೆಳ್ಳಗಾಗಿತ್ತು. “ಕರ್ಣಾವಸಾನ ಕೇಳ್ತಾ ಇದ್ದೆ. ಇದ್ದಕ್ಕಿದ್ದ ಹಾಗೆ ಯಾರೋ ಹೆಂಗಸು, ‘ಈ ಮನೆ ಹೊಸ್ತಿಲು ತುಳಿದ್ರೆ ನೋಡು’ ಅಂತ ಕಿರುಚಿದಳು. ನನಗೆ ತಲೆ ಕೆಟ್ಟಿತೋ ಹೇಗೆ?” ತಲೆ ಕೆಟ್ಟಿರಲಿಲ್ಲ. ಮಗಳು ಹೊರಡುವ ಮುಂಚೆ ಅದೇ ಹೆಡ್‌ಸೆಟ್ಟನ್ನು ಮನೆಯ ಟ್ಯಾಬಿಗೂ ಜೋಡಿಸಿ ಪರೀಕ್ಷೆ ಮಾಡಿದ್ದಳು. ಅದು ಆ ನೆಂಟಸ್ತಿಕೆಯನ್ನು ಮರೆತಿರಲಿಲ್ಲ. ಅಂದು ಮೇಷ್ಟ್ರ ಫೋನು ಗಪ್ಪಾದ ಗಳಿಗೆ ನೋಡಿ, ಒಳಗೆ ಮೇಷ್ಟ್ರಮ್ಮ ಧಾರಾವಾಹಿ ನೋಡುತ್ತಿದ್ದ ಟ್ಯಾಬಿಗೆ ಹೋಗಿ ಸೇರಿಕೊಂಡಿತ್ತು. ಹತ್ತು ಮೀಟರಿನೊಳಗೆ ಇದ್ದರೆ ಸಾಕು, ನಡುವೆ ಒಂದು ಗೋಡೆ ಇದ್ದರೂ ಅದಕ್ಕೆ ಅಡ್ಡಿಯಿಲ್ಲ. ಒಳಗೆ ಮೇಷ್ಟ್ರಮ್ಮ ಧಾರಾವಾಹಿಗೆ ದನಿಯೇ ಹೋಯಿತೆಂದು ಟ್ಯಾಬಿನ ಬೆನ್ನಿಗೆ ಗುದ್ದುತ್ತಿದ್ದರು. ದೀಪ ಮಾತ್ರ ಏನೂ ಆಗಿಲ್ಲವೆಂಬಂತೆ ಅದೇ ನೀಲಿ, ಅದೇ ಐದು ಸೆಕೆಂಡು. ಸಂಬಂಧ ಕೂಡಿದೆ ಎಂದಷ್ಟೇ ಅದು ಹೇಳುತ್ತದೆ. ಯಾರ ಜೊತೆ ಅಂತ ಹೇಳುವುದಿಲ್ಲ.

“ಹಾಗಾದ್ರೆ ನಾನು ಕೇಳೋದೆಲ್ಲ ನಿನ್ನ ಕಿವಿಗೂ ಬೀಳುತ್ತೇನು?” ಮೇಷ್ಟ್ರಿಗೆ ಹೊಸ ಗುಮಾನಿ. ಬೀಳುವುದಿಲ್ಲ. ಬ್ಲೂಟೂತಿನ ದಾರಿ ಒಂದಲ್ಲ, 79 ಓಣಿಗಳು. ಜೋಡಿಯಾದ ಇಬ್ಬರೂ ತಮ್ಮತಮ್ಮಲ್ಲೇ ಮಾತಾಡಿಕೊಂಡ ಕ್ರಮದಲ್ಲಿ ಸೆಕೆಂಡಿಗೆ 1600 ಸಲ ಒಂದರಿಂದ ಇನ್ನೊಂದಕ್ಕೆ ಕುಂಟಾಬಿಲ್ಲೆ ಆಡುತ್ತಾ ಹೋಗುತ್ತಾರೆ. ಆ ಕ್ರಮ ತಿಳಿಯದ ನನ್ನ ಫೋನಿಗೆ ಅದು ಬರೀ ಗದ್ದಲ. ಮೇಷ್ಟ್ರಿಗೆ ಸಮಾಧಾನವಾಯಿತು. ಅಷ್ಟು ಗುಟ್ಟಾಗಿ ಅವರು ಏನು ಕೇಳುತ್ತಾರೋ ನಾನು ವಿಚಾರಿಸಲಿಲ್ಲ.

ಆ ಹೆಸರಿನ ಕಥೆ ಹೇಳಿದಾಗಲಂತೂ ಅವರೊಳಗಿನ ಇತಿಹಾಸದ ಮೇಷ್ಟ್ರು ಎದ್ದು ಕೂತರು. ಹೆರಾಲ್ಡ್ ಬ್ಲೂಟೂತ್ ಎಂಬವನು ಹತ್ತನೆಯ ಶತಮಾನದಲ್ಲಿ ಡೆನ್ಮಾರ್ಕಿನ ರಾಜ. ಚದುರಿಹೋಗಿದ್ದ ನಾಡನ್ನು ಒಂದುಗೂಡಿಸಿದವನು. ಹಲ್ಲೊಂದು ಕಪ್ಪುನೀಲಿಯಾಗಿ ಸತ್ತುಹೋಗಿತ್ತಂತೆ, ಅದಕ್ಕೇ ಆ ಅಡ್ಡಹೆಸರು. ಫೋನು, ಕಂಪ್ಯೂಟರು, ಹೆಡ್‌ಸೆಟ್ಟು ಎಲ್ಲವನ್ನೂ ಒಂದು ಮಾತಿಗೆ ತರಲು ಹಲವು ಕಂಪನಿಗಳು ಕೂಡಿದಾಗ, ಇಂಟೆಲ್‌ನ ಎಂಜಿನಿಯರ್ ಜಿಮ್ ಕಾರ್ಡಾಕ್ ಸದ್ಯಕ್ಕೆ ಇರಲಿ ಅಂತ ಸೂಚಿಸಿದ ಹೆಸರು ಅದು. ಸದ್ಯಕ್ಕೆ ಇಟ್ಟದ್ದೇ ಕಾಯಂ ಆಯಿತು. ನಮ್ಮಲ್ಲಿ ‘ಪುಟ್ಟ’ ಅಂತ ಕರೆದವರು ಅರವತ್ತಾದರೂ ಪುಟ್ಟಣ್ಣನೇ ಆಗಿ ಉಳಿಯುವುದಿಲ್ಲವೇ, ಹಾಗೆ. ಫೋನಿನಲ್ಲಿ ಕಾಣುವ ಆ ಮೂಲೆಮೂಲೆಯ ಗುರುತು ಅವನ ಹೆಸರಿನ ಎರಡು ಅಕ್ಷರಗಳನ್ನು ಹಳೆಯ ರೂನ್ ಲಿಪಿಯಲ್ಲಿ ಬೆಸೆದದ್ದು.

“ಹತ್ತನೇ ಶತಮಾನ ಅಂದೆಯಾ? ಅಂದ್ರೆ ಚಾವುಂಡರಾಯನ ಕಾಲ. ಅಲ್ಲಿ ಅವನು ಹಲ್ಲುನೋವು ಅನುಭವಿಸ್ತಾ ಇದ್ದಾಗ ಇಲ್ಲಿ ಗೊಮ್ಮಟ ಎದ್ದು ನಿಲ್ತಾ ಇದ್ದ, ಸುಮಾರು 981.” ಕಾಂಪೌಂಡಿನ ಮೇಲೆ ಎರಡು ಕೈಯೂರಿ ಮೇಷ್ಟ್ರು ತೃಪ್ತಿಯಿಂದ ನಕ್ಕರು. ಆಮೇಲೆ ಮಾತು ಎಂದಿನಂತೆ ಮೈಸೂರಿಗೇ ಬಂತು. ತಂತಿಯಿಲ್ಲದ ಮಾತು ನಮ್ಮೂರಿಗೆ ಹೊಸದಲ್ಲ, 1935ರಲ್ಲೇ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಶುರುಮಾಡಿದ್ದರು, ‘ಆಕಾಶವಾಣಿ’ ಎಂಬ ಹೆಸರು ಹೋಗಿದ್ದೇ ಇಲ್ಲಿಂದ ಎಂಬ ಪಾಠ. ನೂರಾರು ಸಲ ಕೇಳಿದ್ದೇನೆ. ಗಿಡಕ್ಕೆ ಬಿಟ್ಟ ನೀರು ರಸ್ತೆಗೆ ಹರಿದಿತ್ತು.

ಆದರೆ ದೀಪ ಯಾಕೆ ನೀಲಿ? ನಮ್ಮ ಚಿಕ್ಕಂದಿನ ರೇಡಿಯೋ, ಟೇಪ್‌ರೆಕಾರ್ಡರಿನ ಎಲ್‌ಇಡಿ ಎಲ್ಲ ಕೆಂಪೇ. 1962ರಲ್ಲಿ ನಿಕ್ ಹೊಲೊನ್ಯಾಕ್ ಕೆಂಪು ಎಲ್‌ಇಡಿ ಮಾಡಿದರು. ಹಸಿರು, ಹಳದಿಯೂ ಬಂದವು. ಚೆನ್ನಾಗಿ ಬೆಳಗುವ ನೀಲಿ ಮಾತ್ರ ಮೂವತ್ತು ವರ್ಷ ಯಾರ ಕೈಗೂ ಸಿಗಲಿಲ್ಲ. ಜಪಾನಿನ ಇಸಾಮು ಅಕಸಾಕಿ, ಹಿರೋಶಿ ಅಮಾನೋ ಒಂದು ಕಡೆ. ಟೊಕುಶಿಮಾದ ಒಂದು ಸಣ್ಣ ಕಂಪನಿಯಲ್ಲಿ ಶುಜಿ ನಕಮುರಾ ಇನ್ನೊಂದು ಕಡೆ, ಗ್ಯಾಲಿಯಂ ನೈಟ್ರೈಡ್ ಹರಳಿನ ಜೊತೆ ಗುದ್ದಾಡಿದರು. 1993ರ ಹೊತ್ತಿಗೆ ನೀಲಿ ಹತ್ತಿತು. ನಕಮುರಾಗೆ ಕಂಪನಿ ಕೊಟ್ಟ ಬಹುಮಾನ 20,000 ಯೆನ್. ಅವರು ಕೋರ್ಟಿಗೆ ಹೋಗಿ 2005ರಲ್ಲಿ 84 ಕೋಟಿ ಯೆನ್ನಿಗೆ ರಾಜಿಯಾಯಿತು. 2014ರಲ್ಲಿ ಮೂವರಿಗೂ ನೊಬೆಲ್. ಮನೆಯ ಬಿಳಿ ಎಲ್‌ಇಡಿ ಬಲ್ಬೂ ಆ ನೀಲಿಯ ಮೇಲೆ ಹಳದಿ ಪುಡಿ ಲೇಪಿಸಿದ್ದೇ. ಕಷ್ಟಪಟ್ಟು ಸಿಕ್ಕ ಬಣ್ಣವೆಂದು ಕಂಡಕಂಡ ಯಂತ್ರಕ್ಕೆಲ್ಲ ಅದನ್ನೇ ಮೆತ್ತಿದರು. ಬ್ಲೂಟೂತ್ ಎಂಬ ಹೆಸರು ಸಿಕ್ಕ ಮೇಲಂತೂ ಕೇಳಬೇಕೇ! ರಾತ್ರಿ ಕತ್ತಲ ಕೋಣೆಯಲ್ಲಿ ಆ ಚೂರು ನೀಲಿ ಛಾವಣಿಯ ತನಕ ಹರಡುವುದನ್ನು ನೋಡಿದರೆ, ಇಷ್ಟು ಪ್ರತಿಭೆ ಬೇಕಿತ್ತೇ ಅನ್ನಿಸುತ್ತದೆ. ನಾನು ನನ್ನ ಸ್ಪೀಕರಿನ ದೀಪಕ್ಕೆ ಬ್ಯಾಂಡ್‌ಏಡ್ ಅಂಟಿಸಿದ್ದೇನೆ.

ಇನ್ನು ಅಸಲು ಪ್ರಕರಣಕ್ಕೆ ಬರೋಣ. ಒಂದು ವಾರ ಕಳೆದಿತ್ತು. ಬಟ್ಟೆ ಒಣಹಾಕಲು ತಾರಸಿಗೆ ಹೋದವನು ಪಕ್ಕದ ತಾರಸಿಯನ್ನು ನೋಡಿ ನಿಂತುಬಿಟ್ಟೆ. ಹಳೇ ಪಂಚೆ ಹಾಸಿ ಅರಳು ಸಂಡಿಗೆ ಇಟ್ಟಿದ್ದಾರೆ. ಸಂಡಿಗೆ ಸಾಲಿನ ಕೊನೆಯಲ್ಲಿ, ಕಾಗೆ ಕಚ್ಚಿಕೊಂಡು ಹೋಗದ ಹಾಗೆ ಮೇಲೊಂದು ಜರಡಿ ಬೋರಲು ಹಾಕಿ, ಹೆಡ್‌ಸೆಟ್ಟು! ಏಪ್ರಿಲ್ ತಿಂಗಳ ಮಧ್ಯಾಹ್ನದ ಬಿಸಿಲು.

“ಅಮ್ಮಾ, ಇದೇನು?” ಅಂತ ಕೂಗಿದೆ. ಮೇಷ್ಟ್ರಮ್ಮ ಮೆಟ್ಟಿಲ ಹತ್ತಿರ ನೆರಳಲ್ಲಿ ಕೂತಿದ್ದರು. “ಶೆಲ್ಲು ವೀಕಾಗಿದೆ ಕಣಪ್ಪ. ಮೂರು ದಿನದಿಂದ ಚಾರ್ಜಿಗೆ ಹಾಕಿದ್ರೂ ದೀಪಾನೇ ಬರ್ತಿಲ್ಲ. ಅಂಗಡಿಯವನು ಒಳಗೆ ಬೋರ್ಡು ಹೋಗಿದೆ, ಹೊಸದು ತಗೊಳ್ಳಿ ಅಂದನಂತೆ. ಅದಕ್ಕೇ ಒಂಚೂರು ಬಿಸಿಲು ತೋರಿಸ್ತಾ ಇದೀನಿ.”

ನಗಬೇಡಿ. ಆಕೆಯ ಶಾಸ್ತ್ರಕ್ಕೆ ಆಧಾರವಿದೆ. ಟ್ರಾನ್ಸಿಸ್ಟರಿನ ಕಾಲದಲ್ಲಿ ನಾವೆಲ್ಲ ದನಿ ಕುಗ್ಗಿದ ಶೆಲ್ಲುಗಳನ್ನು ಕಿಟಕಿಯ ಮೇಲೆ ಸಾಲಾಗಿ ನಿಲ್ಲಿಸಿ ಬಿಸಿಲು ಕಾಯಿಸಿದವರೇ. ಅದು ಸತುವಿನ ಡಬ್ಬಿಯ ಹಳೆಯ ಶೆಲ್ಲು. ಬಿಸಿ ತಾಗಿದರೆ ಒಳಗಿನ ರಾಸಾಯನಿಕ ಕ್ರಿಯೆ ಚುರುಕಾಗಿ, ಉಳಿದಿದ್ದ ಕೊನೆಯ ಕಸುವು ಹೊರಬಂದು ಇನ್ನೊಂದು ವಾರ್ತೆ, ಅರ್ಧ ಚಿತ್ರಗೀತೆಗೆ ಆಗುತ್ತಿತ್ತು. ಹೆಡ್‌ಸೆಟ್ಟಿನೊಳಗೆ ಇರುವುದು ಲಿಥಿಯಂ. ಅದಕ್ಕೆ ಬಿಸಿಲೇ ಶತ್ರು. ಬಿಸಿಯಾದಷ್ಟೂ ಬೇಗ ಮುದಿಯಾಗುತ್ತದೆ, ತೀರಾ ಕಾದರೆ ಹೊಟ್ಟೆ ಉಬ್ಬುತ್ತದೆ. ಸೊನ್ನೆಯಿಂದ 45 ಡಿಗ್ರಿಯ ಒಳಗಷ್ಟೇ ಅದಕ್ಕೆ ಚಾರ್ಜು ಉಣಿಸಬೇಕು ಅನ್ನುವುದು ವಾಡಿಕೆಯ ಲೆಕ್ಕ. ಕಾದ ಕಾಂಕ್ರೀಟಿನ ಮೇಲೆ ಕಪ್ಪು ಪ್ಲಾಸ್ಟಿಕ್ಕು 45 ದಾಟುವುದಕ್ಕೆ ಎಷ್ಟು ಹೊತ್ತು?

ಇಳಿದು ಹೋಗಿ ಹೆಡ್‌ಸೆಟ್ಟು ಇಸಿದುಕೊಂಡೆ. ಬೇಳೆ ಒಬ್ಬಟ್ಟಿನ ಹಾಗೆ ಬೆಚ್ಚಗಿತ್ತು. ಒಂದು ಗಂಟೆ ನೆರಳಲ್ಲಿಟ್ಟು, ಕಾಫಿ ಕುಡಿದು, ಆಮೇಲೆ ಚಾರ್ಜರ್ ಯಾವುದು ತೋರಿಸಿ ಅಂದೆ. ಮೇಷ್ಟ್ರು ತಂದದ್ದು ಹೊಸ ಫೋನಿನ ಜೊತೆ ಬಂದ ದೊಡ್ಡ ಬಿಳಿ ಚಾರ್ಜರು, ವೈರಿನ ಎರಡೂ ತುದಿ ಗುಂಡು ಮೂಲೆಯ ಸಿ-ಟೈಪು. ಸಿಕ್ಕಿಸಿದೆ. ದೀಪ ಇಲ್ಲ. ತಿರುಗಿಸಿ ಸಿಕ್ಕಿಸಿದೆ. ಇಲ್ಲ. ನಮ್ಮ ಮನೆಗೆ ಹೋಗಿ ಹಳೇ ಚಾರ್ಜರ್ ತಂದೆ, ಅಗಲ ಬಾಯಿಯದು, ಐದಾರು ವರ್ಷದ ಹಿಂದಿನ ಫೋನಿನದು. ಸಿಕ್ಕಿಸುತ್ತಲೇ ಕುಂಕುಮದ ಬೊಟ್ಟಿನಂತೆ ಕೆಂಪು ದೀಪ!

“ಬಿಸಿಲಿಗೆ ಇಟ್ಟಿದ್ದಕ್ಕೇ ಬಂದಿದ್ದು” ಅಂದರು ಮೇಷ್ಟ್ರಮ್ಮ.

ಸಂಗತಿ ಬೇರೆ. ಹಳೇ ಚಾರ್ಜರು ಧರ್ಮಛತ್ರದ ಹಾಗೆ, ಬಂದವರಿಗೆಲ್ಲ ಎಲೆ ಹಾಕಿ ಐದು ವೋಲ್ಟು ಬಡಿಸುತ್ತದೆ, ಯಾರು ಏನು ಅಂತ ಕೇಳುವುದಿಲ್ಲ. ಎರಡೂ ತುದಿ ಸಿ ಆಗಿರುವ ಹೊಸ ವ್ಯವಸ್ಥೆಯಲ್ಲಿ ಊಟಕ್ಕೆ ಮುಂಚೆ ಕೂಪನ್ನು ತೋರಿಸಬೇಕು. ಹೆಡ್‌ಸೆಟ್ಟಿನ ಬಾಯಲ್ಲಿ 5.1 ಕಿಲೋ ಓಮಿನ ಎರಡು ರೆಸಿಸ್ಟರ್ ಇದ್ದರೆ ಅದೇ ಕೂಪನ್ನು. ಅದು ಕಂಡರೆ ಮಾತ್ರ ಚಾರ್ಜರು ಕರೆಂಟು ಬಿಡುತ್ತದೆ. ಅಗ್ಗದ ಮಾಲು ಮಾಡುವ ಕೆಲವರು ಪೈಸೆ ಲೆಕ್ಕದ ಆ ಎರಡು ಚೂರನ್ನು ಹಾಕದೆ ಉಳಿತಾಯ ಮಾಡುತ್ತಾರೆ. ಆಗ ದೊಡ್ಡ ಚಾರ್ಜರು, ಒಳ್ಳೇ ವೈರು, ಆರೋಗ್ಯವಾಗಿರುವ ಹೆಡ್‌ಸೆಟ್ಟು ಮೂರೂ ಇದ್ದು ದೀಪ ಮಾತ್ರ ಹತ್ತುವುದಿಲ್ಲ. ಡಬ್ಬಿಯ ಜೊತೆ ಗೇಣುದ್ದದ ಒಂದು ವೈರು ಕೊಟ್ಟಿರುತ್ತಾರಲ್ಲ, ಒಂದು ತುದಿ ಅಗಲದ್ದು, ಅದನ್ನು ಮೇಷ್ಟ್ರು ಟೊಮೇಟೊ ಗಿಡಕ್ಕೆ ಕೋಲು ಕಟ್ಟಲು ಬಳಸಿದ್ದರು. ಬೋರ್ಡು ಹೋಗಿದೆ ಎಂದ ಅಂಗಡಿಯವನು ಬೇರೆ ವೈರು ಹಾಕಿ ನೋಡುವ ತ್ರಾಸ ತೆಗೆದುಕೊಂಡಿದ್ದರೆ ಸಂಡಿಗೆಯ ಪಕ್ಕ ಇದು ಒಣಗುತ್ತಿರಲಿಲ್ಲ. ಆದರೆ ಅವನಿಗೂ ಹೊಸದು ಮಾರಬೇಕು.

ಕೆಂಪು ಹತ್ತಿದ್ದೇ ತಡ ಮೇಷ್ಟ್ರು ರಾತ್ರಿಯಿಡೀ ಇರಲಿ ಅಂದರು. ಎಂಟು ಗಂಟೆ ಚಾರ್ಜು, ಆಮೇಲೆ ಪೂರ್ತಿ ಖಾಲಿಯಾಗುವ ತನಕ ಬಳಕೆ, ಮತ್ತೆ ಎಂಟು ಗಂಟೆ. ಇದು ಅವರು ಮೊದಲ ಮೊಬೈಲಿನಿಂದ ಪಾಲಿಸಿಕೊಂಡು ಬಂದ ವ್ರತ. ನಿಕಲ್ ಕ್ಯಾಡ್ಮಿಯಂ ಬ್ಯಾಟರಿಯ ಕಾಲದಲ್ಲಿ ಅದಕ್ಕೆ ಅರ್ಥವಿತ್ತು. ಅರ್ಧದಲ್ಲೇ ಮತ್ತೆ ಮತ್ತೆ ತುಂಬಿದರೆ ಅದು ತನ್ನ ಹೊಟ್ಟೆಯೇ ಅಷ್ಟು ಅಂತ ತಿಳಿದುಬಿಡುತ್ತಿತ್ತು. ಲಿಥಿಯಂಗೆ ಆ ಚಾಳಿಯಿಲ್ಲ. ಅದಕ್ಕೆ ಉಪವಾಸವೂ ಆಗದು, ಕಂಠಮಟ್ಟ ಊಟವೂ ಆಗದು. ತುಂಬಿದಾಗ 4.2 ವೋಲ್ಟು, ಬರಿದಾದಾಗ ಸುಮಾರು 3. ಈ ಎರಡು ಅಂಚಿಗೂ ಹೋಗದೆ ನಡುವೆ ಇದ್ದಷ್ಟು ಆಯುಸ್ಸು ಹೆಚ್ಚು. ಮಗಳ ಮನೆಗೆ ತಿಂಗಳುಗಟ್ಟಲೆ ಹೋಗುವುದಾದರೆ ಅರ್ಧ ತುಂಬಿಸಿ ಬೀರುವಿನಲ್ಲಿಡಿ ಅಂದೆ. ಖಾಲಿ ಮಾಡಿ ಇಟ್ಟರೆ ಇನ್ನೂ ಸೋರಿ ಸೋರಿ ಕೊನೆಗೆ ಏಳುವುದೇ ಇಲ್ಲ.

ತುಂಬಿದ ಮೇಲೆ ಒಳಗಿನ ಚಿಪ್ಪು ತಾನೇ ಕರೆಂಟು ನಿಲ್ಲಿಸುತ್ತದೆ, ರಾತ್ರಿಯೆಲ್ಲ ಬಿಟ್ಟರೂ ಉಕ್ಕುವುದಿಲ್ಲ. ಮೇಷ್ಟ್ರನ್ನು ಕಾಡಿದ್ದು ಬೇರೆ ಪ್ರಶ್ನೆ. “ಮುಕ್ಕಾಲು ಗಂಟೇಲಿ ಎಂಬತ್ತು ಆಯ್ತು ಅಂತ ಫೋನು ತೋರಿಸ್ತು. ಇನ್ನಿಪ್ಪತ್ತಕ್ಕೆ ಯಾಕೆ ಇಷ್ಟು ಹೊತ್ತು ಕೆಂಪಗೇ ಕೂತಿದೆ?” ಉತ್ತರ ಕೊಟ್ಟವರು ಮೇಷ್ಟ್ರಮ್ಮ, ಅವರಿಗೇ ಗೊತ್ತಿಲ್ಲದೆ. ಅಂಗಳದ ನಲ್ಲಿಯ ಕೆಳಗೆ ಬಿಂದಿಗೆ ಹಿಡಿದಿದ್ದರು. ಕಂಠದವರೆಗೆ ಜೋರಾಗಿ ಬಿಟ್ಟು, ಬಾಯಿ ಹತ್ತಿರ ಬಂದಾಗ ನಲ್ಲಿ ತಿರುವಿ ಸಣ್ಣ ಧಾರೆ ಮಾಡಿದರು. “ನೋಡಿ, ಅದೇ” ಅಂದೆ. ಲಿಥಿಯಂ ಚಾರ್ಜಿಂಗೂ ಹಾಗೆಯೇ, ಮೊದಲು ಒಂದೇ ಸಮ ಧಾರೆ, 4.2 ಮುಟ್ಟಿದ ಮೇಲೆ ಧಾರೆ ಸಣ್ಣದಾಗುತ್ತಾ ಹೋಗುತ್ತದೆ. ಈ ಬ್ಯಾಟರಿಯ ಕೆಲಸಕ್ಕೆ 2019ರಲ್ಲಿ ನೊಬೆಲ್ ಪಡೆದ ಮೂವರಲ್ಲಿ ಜಾನ್ ಗುಡ್‌ಇನಫ್ ಅವರಿಗೆ ಆಗ 97 ವರ್ಷ, ಅಷ್ಟು ವಯಸ್ಸಿನಲ್ಲಿ ನೊಬೆಲ್ ಪಡೆದವರು ಬೇರೆ ಯಾರೂ ಇರಲಿಲ್ಲ ಎಂದಾಗ ಮೇಷ್ಟ್ರು ಬೆರಳು ಮಡಿಸಿ ಎಣಿಸಿದರು. “ಹಾಗಾದ್ರೆ ನನಗಿನ್ನೂ ಇಪ್ಪತ್ತಮೂರು ವರ್ಷ ಟೈಮಿದೆ.”

ಮೇಷ್ಟ್ರು ಕರೆಂಟಿನ ವಿಚಾರದಲ್ಲಿ ಕಡು ಜಿಪುಣರು. ಗೃಹಜ್ಯೋತಿ ಬಂದು ಬಿಲ್ಲು ಸೊನ್ನೆಯಾದರೂ ಕೋಣೆಯಿಂದ ಕೋಣೆಗೆ ಹೋಗಿ ಸ್ವಿಚ್ಚು ಆರಿಸುವ ಚಟ ಬಿಟ್ಟಿಲ್ಲ. ಹೆಡ್‌ಸೆಟ್ಟಿನ ದೀಪವೂ ಅವರ ಕಣ್ಣಿಗೆ ಬಿತ್ತು. “ಹಗಲಲ್ಲೂ ಯಾಕೆ ಮಿನುಗಬೇಕು? ದಂಡ.” ಲೆಕ್ಕ ಹಾಕೋಣ ಅಂದೆ. ಬ್ಯಾಟರಿ 150 ಮಿಲಿಆಂಪ್ ಅವರ್ ಅಂದುಕೊಳ್ಳಿ. ದೀಪ ಎರಡು ಮಿಲಿಆಂಪ್ ತಿನ್ನುತ್ತಾ ಒಂದೇ ಸಮ ಉರಿದರೆ ದಿನಕ್ಕೆ 48, ಮೂರರಲ್ಲೊಂದು ಪಾಲು ದೀಪಕ್ಕೇ ಹೋಯಿತು. ಐದು ಸೆಕೆಂಡಿಗೊಮ್ಮೆ, ಸೆಕೆಂಡಿನ ಹತ್ತನೇ ಒಂದು ಭಾಗ ಮಾತ್ರ ಮಿಂಚಿದರೆ ದಿನಕ್ಕೆ ಒಂದೇ ಒಂದು. ಮಿನುಗುವುದೇ ಅದರ ಉಳಿತಾಯ. ಒಳಗಿನ ರೇಡಿಯೋ ಕೂಡ ಹಾಡಿಲ್ಲದ ಹೊತ್ತಿನಲ್ಲಿ ಹೀಗೆಯೇ ತೂಕಡಿಸುತ್ತದೆ, ಗಳಿಗೆಗೊಮ್ಮೆ ಕಣ್ಣು ಬಿಟ್ಟು ‘ಇದ್ದೀಯಾ?’ ಅಂತ ಫೋನನ್ನು ಕೇಳಿ ಮತ್ತೆ ಮಲಗುತ್ತದೆ. ಫೋನು ಸಿಗದೇ ಹೋದರೆ ಬಹಳಷ್ಟು ಹೆಡ್‌ಸೆಟ್ಟುಗಳು ಐದೋ ಹತ್ತೋ ನಿಮಿಷ ಕಾದು ತಾವೇ ಆರಿಹೋಗುತ್ತವೆ. ಹಾಗೆ ಆರಿದ್ದನ್ನು ಹಾಳಾಗಿದೆ ಅಂತ ತಿಳಿದು ಬೇಜಾರು ಪಟ್ಟವರಲ್ಲಿ ನಾನೂ ಒಬ್ಬ.

“ಬಿಲ್ಲಿಗೆ ಎಷ್ಟು ಬೀಳುತ್ತೆ?” ಅದನ್ನೂ ಹಾಕಿದೆ. ಚಾರ್ಜರು ಬಿಸಿಯಾಗಿ ಪೋಲು ಮಾಡುವುದನ್ನು ಸೇರಿಸಿದರೂ ಒಂದು ಯೂನಿಟ್ಟಿಗೆ ಸುಮಾರು ಸಾವಿರ ಸಲ ತುಂಬಿಸಬಹುದು. ದಿನಕ್ಕೊಂದು ಸಲವೆಂದರೆ ಎರಡೂ ಮುಕ್ಕಾಲು ವರ್ಷ. ಮೇಷ್ಟ್ರು ಕೆಲಹೊತ್ತು ಮಾತಾಡಲಿಲ್ಲ. ಆಮೇಲೆ, “ಆದ್ರೂ ಆರಿಸೋದು ಒಳ್ಳೇದು” ಅಂದರು.

ಇಷ್ಟೆಲ್ಲ ಬೋಧನೆ ಮಾಡಿದ ನನ್ನ ಸ್ವಂತ ಪಾಡು ಹೇಳದಿದ್ದರೆ ತಪ್ಪಾದೀತು. ನನ್ನದು ಡಬ್ಬಿಯಲ್ಲಿ ಮಲಗುವ ಜೋಡಿ ಗುಂಡು. ಡಬ್ಬಿಯ ದೀಪ ಹಸಿರು, ಎಡಗಿವಿಯದು ಮಾತ್ರ ತಿಂಗಳಿನಿಂದ ಸತ್ತಿತ್ತು. ಹಸಿರು ಅಂದರೆ ಡಬ್ಬಿಗೆ ಹೊಟ್ಟೆ ತುಂಬಿದೆ ಎಂದು, ಮಕ್ಕಳು ಉಂಡವೋ ಇಲ್ಲವೋ ಅದು ಬೇರೆ ಮಾತು. ಮೊಮ್ಮಗಳು ಗುಂಡನ್ನು ಬೆಳಕಿಗೆ ಹಿಡಿದು, “ತಾತ, ಛೀ” ಅಂದಳು. ಚಾರ್ಜು ತಾಗುವ ಹಿತ್ತಾಳೆ ಬಣ್ಣದ ಚುಕ್ಕೆಗಳ ಮೇಲೆ ಕಿವಿಯ ಗುಗ್ಗೆ ಮೆತ್ತಿಕೊಂಡಿತ್ತು. ಒಣ ಹತ್ತಿಯಲ್ಲಿ ಒರೆಸಿದ ಮೇಲೆ ಎಡಗಿವಿ ಎದ್ದು ಹಾಡಿತು. ಈ ಭಾಗವನ್ನು ಕಾಂಪೌಂಡಿನ ಆಚೆ ನಾನು ಹೇಳಿಲ್ಲ.

ಮೊನ್ನೆ ರಾತ್ರಿ ಎಂಟಕ್ಕೆ ಕರೆಂಟು ಹೋಯಿತು. ಸೆಕೆಗೆ ಹೊರಗೆ ಬಂದು ನಿಂತೆ. ಬೀದಿಯೆಲ್ಲ ಕತ್ತಲು. ಪಕ್ಕದ ಅಂಗಳದಲ್ಲಿ, ಎದೆಯ ಎತ್ತರಕ್ಕೆ, ನೀಲಿ ಚುಕ್ಕೆಯೊಂದು ಮಿನುಗಿತು. ಐದು ಸೆಕೆಂಡು ಬಿಟ್ಟು ತೆಂಗಿನ ಮರದ ಹತ್ತಿರ ಮಿನುಗಿತು. ಇನ್ನೈದು ಸೆಕೆಂಡಿಗೆ ಗೇಟಿನ ಹತ್ತಿರ. ಮೇಷ್ಟ್ರು ಅಡ್ಡಾಡುತ್ತಿದ್ದಾರೆ. ಮೆಟ್ಟಿಲ ಮೇಲೆ ಬೀಸಣಿಗೆ ಹಿಡಿದು ಮೇಷ್ಟ್ರಮ್ಮ ಕೂತಿರುವುದು ಬಳೆ ಸದ್ದಿನಿಂದ ತಿಳಿಯಿತು.

“ಊಟ ಆಯ್ತೇನಮ್ಮಾ?”

“ಎಲ್ಲಿ? ಅನ್ನ ಆರಿ ಅಕ್ಕಿ ಆಗ್ತಿದೆ. ಕರೆದ್ರೆ ಕೇಳಬೇಕಲ್ಲ.”

“ನಾನು ಕರೀಲಾ?”

“ಬೇಡ ಬಿಡಪ್ಪ. ನೀಲಿ ಇದ್ರೆ ಕೂಗಿ ಪ್ರಯೋಜನ ಇಲ್ಲ. ನಿನ್ನೆಯಿಂದ ಚಾರ್ಜು ಹಾಕಿಲ್ಲ, ಇನ್ನೇನು ಕೆಂಪಾಗುತ್ತೆ. ಆಗ ತಾವೇ ಬರ್ತಾರೆ.”

ಬೀಸಣಿಗೆ ಮತ್ತೆ ಆಡತೊಡಗಿತು. ನೀಲಿ ಗೇಟಿನಿಂದ ತಿರುಗಿ ತೆಂಗಿನ ಮರ ದಾಟಿತು. ಹೂವಿನ ಕುಂಡಗಳ ಹತ್ತಿರ ಬರುವಾಗ ಎರಡು ಸಲ ಬೇಗಬೇಗ ಮಿಂಚಿದ್ದು ಕೆಂಪು.

“ಸಾರು ಬಿಸಿ ಮಾಡ್ತೀನಿ” ಅಂತ ಮೇಷ್ಟ್ರಮ್ಮ ಎದ್ದರು.